ಕೈಬಿಟ್ಟ ಚೆಂಡಿಗೆ ಚಪ್ಪಾಳೆ

ಪ್ರಶ್ನೆ: ಎರಡು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ. ಈಚೆಗೆ ಕಚೇರಿಯ ಗೆಳೆಯರೊಬ್ಬರು ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರು. ಆರನೆಯ ಇನಿಂಗ್ಸ್‌ನಲ್ಲಿ ಆತಿಥೇಯ ತಂಡದ ಫೀಲ್ಡರ್ ಒಬ್ಬ ಚೆಂಡನ್ನು ಕೈಚೆಲ್ಲಿದ, ಎದುರಾಳಿ ಬ್ಯಾಟರ್ ಓಡಿ ಮೊದಲ ನೆಲೆ, ಅಂದರೆ ಫಸ್ಟ್ ಬೇಸ್, ಸೇರಿಕೊಂಡ. ಕ್ರೀಡಾಂಗಣವೆಲ್ಲ ಗಪ್‌ಚುಪ್. ಸ್ಕೋರ್ ಫಲಕದಲ್ಲಿ ‘ಎರರ್’ ಎಂದು ಬಂದದ್ದೇ ತಡ, ತಮ್ಮವನ ತಪ್ಪಿಗೆ ತಮ್ಮವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು! ‘ಸದ್ಯ, ನೋ-ಹಿಟ್ಟರ್ ಉಳಿಯಿತು’ ಎಂದರು ಗೆಳೆಯರು. ಅದನ್ನು ತೀರ್ಮಾನಿಸಿದ್ದು ಅಂಪೈರ್ ಅಲ್ಲವಂತೆ, ಮೇಲೆ ಪತ್ರಕರ್ತರ ಕೋಣೆಯಲ್ಲಿ ಕುಳಿತ ಯಾರೋ ಒಬ್ಬರಂತೆ. ಒಬ್ಬರ ಅಭಿಪ್ರಾಯದ ಮೇಲೆ ನಿಂತ ದಾಖಲೆಗೆ ಏನು ಬೆಲೆ? ಅದಕ್ಕೆ ಇಷ್ಟು ಸಂಭ್ರಮ ಏಕೆ?

ಉತ್ತರ: ಚಪ್ಪಾಳೆಯ ಗುಟ್ಟು ಸುಲಭ. ಚೆಂಡು ಕೈಬಿಟ್ಟದ್ದು ಅವರಿಗೂ ಬೇಸರದ ಸಂಗತಿಯೇ. ಆದರೆ ಬಿಟ್ಟದ್ದಾಯಿತು, ಇನ್ನು ಆ ಸಾಲವನ್ನು ಯಾರ ಹೆಸರಿಗೆ ಬರೆಯುತ್ತಾರೆ ಎಂಬುದಷ್ಟೇ ಉಳಿದಿತ್ತು. ಫೀಲ್ಡರ್ ಹೆಸರಿಗೆ ಬರೆದರೆ ಅದು ಎರರ್; ಪಿಚರ್‌ನ, ಅಂದರೆ ನಮ್ಮ ಬೌಲರ್‌ನಂತೆ ಚೆಂಡು ಎಸೆಯುವವನ, ಖಾತೆ ಚೊಕ್ಕವಾಗಿ ಉಳಿಯುತ್ತದೆ. ಬ್ಯಾಟರ್‌ನ ಹೆಸರಿಗೆ ಜಮೆ ಮಾಡಿದರೆ ಅದು ಹಿಟ್. ಒಂದೂ ಹಿಟ್ ಕೊಡದೆ ಪಿಚರ್ ಅಲ್ಲಿಯವರೆಗೆ ಕಟ್ಟಿಕೊಂಡು ಬಂದ ನೋ-ಹಿಟ್ಟರ್ ಆ ಒಂದು ಅಕ್ಷರದೊಂದಿಗೆ ಮುಗಿಯಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಎರಡು ರನ್ ಗಳಿಸಿದ್ದಾಗ ಸ್ಲಿಪ್‌ನಲ್ಲಿ ಜೀವದಾನ ಪಡೆದವನು ಮುಂದೆ ಶತಕ ಬಾರಿಸಿದರೆ ಶತಕ ಶತಕವೇ. ಕೈಬಿಟ್ಟ ಕ್ಯಾಚಿಗೆ ನಮ್ಮ ಸ್ಕೋರ್ ಪುಸ್ತಕದಲ್ಲಿ ಮನೆಯೇ ಇಲ್ಲ. ನಮ್ಮ ಸ್ಕೋರರ್ ಅಂಪೈರ್ ಕೈಸನ್ನೆ ಮಾಡಿದ್ದನ್ನು ಬರೆದುಕೊಳ್ಳುವ ಗುಮಾಸ್ತ. ಬೈ, ಲೆಗ್‌ಬೈ ಕೂಡ ಅವನು ತೀರ್ಮಾನಿಸುವುದಲ್ಲ. ಬೇಸ್‌ಬಾಲ್‌ನ ಅಧಿಕೃತ ಸ್ಕೋರರ್‌ಗೆ ಮಾತ್ರ ಗುಮಾಸ್ತಿಕೆಯ ಜೊತೆಗೆ ಅರ್ಧ ನ್ಯಾಯಾಧೀಶನ ಕೆಲಸವೂ ಇದೆ. ಫಲಕದ ಮೇಲೆ ನೀವು ನೋಡಿದ ರನ್, ಹಿಟ್, ಎರರ್ ಎಂಬ ಮೂರು ಮನೆಗಳಲ್ಲಿ ಮೊದಲನೆಯದು ಮೈದಾನದಲ್ಲಿ ತೀರ್ಮಾನವಾಗುತ್ತದೆ, ಉಳಿದೆರಡು ಅವನ ತಲೆಯಲ್ಲಿ.

ಬ್ಯಾಟರ್ ತನ್ನ ಹೊಡೆತದ ಬಲದಿಂದಲೇ ಬೇಸ್ ಸೇರಿದರೆ ಹಿಟ್. ಪಿಚರ್ ನಾಲ್ಕು ಸಲ ದಾರಿ ತಪ್ಪಿ ಎಸೆದದ್ದರಿಂದ ನಡೆದುಕೊಂಡು ಹೋದರೆ, ಚೆಂಡು ಮೈಗೆ ತಗುಲಿ ಹೋದರೆ, ಫೀಲ್ಡರ್ ಎಡವಟ್ಟಿನಿಂದ ಹೋದರೆ ಅದು ಹಿಟ್ ಅಲ್ಲ. ಒಂಬತ್ತು ಇನಿಂಗ್ಸ್, ಅಂದರೆ 27 ಔಟ್‌ಗಳು, ಮುಗಿಯುವವರೆಗೆ ಒಂದೂ ಹಿಟ್ ಕೊಡದಿದ್ದರೆ ನೋ-ಹಿಟ್ಟರ್. ಯಾರೂ ಯಾವ ದಾರಿಯಿಂದಲೂ ಬೇಸ್ ಸೇರದೆ 27 ಜನ ಬಂದು 27 ಜನವೂ ಮರಳಿದರೆ ಅದು ಪರ್ಫೆಕ್ಟ್ ಗೇಮ್. ಮೇಜರ್ ಲೀಗ್‌ನ ಇತಿಹಾಸದಲ್ಲಿ ನೋ-ಹಿಟ್ಟರ್‌ಗಳು ಮುನ್ನೂರಕ್ಕೂ ಹೆಚ್ಚು. ಪರ್ಫೆಕ್ಟ್ ಗೇಮ್ ಅಷ್ಟು ಅಗ್ಗವಲ್ಲ, 2023ರ ಜೂನ್‌ನಲ್ಲಿ ಡೊಮಿಂಗೊ ಹೆರ್ಮಾನ್ ಎಸೆದದ್ದು 24ನೆಯದು. ನೀವು ಕಂಡ ಪಂದ್ಯದಲ್ಲಿ ಎರರ್ ಬಿದ್ದ ಮೇಲೆ ಪರ್ಫೆಕ್ಟ್ ಗೇಮ್‌ನ ಮಾತೇ ಇರಲಿಲ್ಲ, ನೋ-ಹಿಟ್ಟರ್ ಮಾತ್ರ ಬದುಕಿತ್ತು.

ಸರಿ, ಯಾವುದು ಎಡವಟ್ಟು, ಯಾವುದು ಅಲ್ಲ? ನಿಯಮ ಪುಸ್ತಕ ಹೇಳುವುದು ಎರಡೇ ಪದ: ಸಾಧಾರಣ ಪ್ರಯತ್ನ. ಆ ಲೀಗ್‌ನಲ್ಲಿ ಆ ಜಾಗದಲ್ಲಿ ನಿಲ್ಲುವ ಮಧ್ಯಮ ದರ್ಜೆಯ ಆಟಗಾರ, ಅಂದಿನ ನೆಲ ಮತ್ತು ಹವೆಯನ್ನು ಗಮನದಲ್ಲಿಟ್ಟುಕೊಂಡು, ಮಾಡಬಹುದಾದ ಪ್ರಯತ್ನ. ಅಷ್ಟರಿಂದ ಔಟ್ ಆಗಬೇಕಿತ್ತು ಎನಿಸಿದರೆ ಎರರ್, ಇಲ್ಲದಿದ್ದರೆ ಹಿಟ್. ಅನುಮಾನವಿದ್ದರೆ ಬ್ಯಾಟರ್‌ನ ಪರ.

ಓದಲು ಎಷ್ಟು ಚೆನ್ನಾಗಿದೆ! ಈಗ ಒಂದು ಚೆಂಡನ್ನು ಹತ್ತಿರದಿಂದ ನೋಡಿ. ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್, ಅಂದರೆ ಶಾರ್ಟ್‌ಸ್ಟಾಪ್‌ನ ಬಲಗಡೆಗೆ ನೆಲದ ಮೇಲೆ ಉರುಳಿ ಬರುತ್ತಿದೆ. ಬ್ಯಾಟರ್ 90 ಅಡಿ ದೂರದ ಫಸ್ಟ್ ಬೇಸ್ ತಲುಪಲು ಬೇಕಾದದ್ದು ಸುಮಾರು ನಾಲ್ಕು ಸೆಕೆಂಡು. ಫೀಲ್ಡರ್ ಮೂರು ಹೆಜ್ಜೆ ಓಡಿ, ಬಗ್ಗಿ, ಮೈಯನ್ನು ಅಡ್ಡ ತಿರುಗಿಸಿ ಗ್ಲೌಸ್ ಚಾಚುತ್ತಾನೆ. ಚೆಂಡು ಕೊನೆಯ ಪುಟಿತದಲ್ಲಿ ಒಂದಿಷ್ಟು ಮೇಲೆದ್ದು ಮಣಿಕಟ್ಟಿಗೆ ಬಡಿದು ಕಾಲ ಬಳಿ ಬೀಳುತ್ತದೆ. ಹೆಕ್ಕಿ ಎಸೆಯುವಷ್ಟರಲ್ಲಿ ಓಟಗಾರ ಬೇಸ್ ತುಳಿದಾಗಿದೆ. ಪುಟಿತ ಕೆಟ್ಟದಾಗಿತ್ತೇ, ಕೈ ಕೆಟ್ಟದಾಗಿತ್ತೇ? ಒಂದೇ ಹಿಡಿತಕ್ಕೆ ಸಿಕ್ಕಿದ್ದರೂ ಓಟಗಾರ ಗೆಲ್ಲುತ್ತಿದ್ದನೇ? ಹಾಗಿದ್ದರೆ ಹಿಟ್. ನಡೆದದ್ದನ್ನು ಎಲ್ಲರೂ ನೋಡಿದ್ದಾರೆ. ಸ್ಕೋರರ್ ತೂಗಬೇಕಾದದ್ದು ನಡೆಯದೇ ಹೋದದ್ದನ್ನು. ಇನ್ನೊಂದು ವಿಚಿತ್ರ ಕೇಳಿ: ಚೆಂಡನ್ನು ಸರಿಯಾಗಿ ಹಿಡಿದು, ಯಾರಿಗೆ ಎಸೆಯಬೇಕೆಂದು ಯೋಚಿಸುತ್ತ ಹೊತ್ತು ಕಳೆದರೆ ಅದು ಎರರ್ ಅಲ್ಲ. ಕೈಯ ತಪ್ಪಿಗೆ ದಂಡವಿದೆ, ತಲೆಯ ತಪ್ಪಿಗೆ ಮಾಫಿ.

ಈ ಕೆಲಸವನ್ನು ಬಹುಕಾಲ ಮಾಡಿದವರು ಪತ್ರಿಕೆಗಳ ವರದಿಗಾರರೇ. ಬೆಳಿಗ್ಗೆ ಆಟಗಾರನ ಜೊತೆ ಹರಟೆ, ಮಧ್ಯಾಹ್ನ ಅವನಿಗೆ ಎರರ್ ಬರೆಯುವುದು, ಸಂಜೆ ಅದರ ಬಗ್ಗೆ ವರದಿ. ತಾನೇ ತೀರ್ಪು ಕೊಟ್ಟು ತಾನೇ ಸುದ್ದಿ ಮಾಡುವ ಈ ಇಬ್ಬಂದಿ ಬೇಡವೆಂದು 1970ರ ದಶಕದ ಕೊನೆಯ ಹೊತ್ತಿಗೆ ಅನೇಕ ಪತ್ರಿಕೆಗಳು ತಮ್ಮವರಿಗೆ ಇದನ್ನು ನಿಷೇಧಿಸಿದವು. ಈಗ ಲೀಗೇ ಆಯಾ ಊರಿನ ಅನುಭವಿಗಳನ್ನು ನೇಮಿಸಿಕೊಳ್ಳುತ್ತದೆ. ಕುಳಿತುಕೊಳ್ಳುವ ಜಾಗ ಮಾತ್ರ ಅದೇ, ಪ್ರೆಸ್ ಬಾಕ್ಸ್.

ನಿಮ್ಮ ನಿಜವಾದ ಪ್ರಶ್ನೆ ಬೆಲೆಯದು. ನನಗೆ ತೋರುವುದು ಹೀಗೆ: ನೋ-ಹಿಟ್ಟರ್‌ನ ರೋಚಕತೆ ಒಂಬತ್ತನೆಯ ಇನಿಂಗ್ಸ್‌ನಲ್ಲಿದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ಅದರ ಹಣೆಬರಹ ಎಷ್ಟೋ ಸಲ ಮೊದಲ ಅಥವಾ ಮೂರನೆಯ ಇನಿಂಗ್ಸ್‌ನಲ್ಲಿ, ಜನ ಇನ್ನೂ ಕಡಲೆಕಾಯಿ ಸುಲಿಯುತ್ತ ಸೀಟು ಹುಡುಕುತ್ತಿರುವಾಗ, ಯಾರೂ ಗಮನಿಸದ ಒಂದು ಚೆಂಡಿನ ಮೇಲೆ ಬರೆದಾಗಿರುತ್ತದೆ. ಬರೆದವನಿಗೂ ಆಗ ಅದು ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಬರೆದದ್ದರಲ್ಲೇ ಅದರ ಪ್ರಾಮಾಣಿಕತೆ ಇದೆ. ಸಮಸ್ಯೆ ಶುರುವಾಗುವುದು ಗೊತ್ತಾದ ಮೇಲೆ.

ಹವರ್ಡ್ ಎಮ್ಕೆ ಎಂಬ ಪಿಚರ್‌ನ ಕಥೆ ಕೇಳಿ. 1923ರಲ್ಲಿ ಅವನು ಕೊನೆಯ ಸ್ಥಾನಕ್ಕೆ ಜಾರಿದ್ದ ಬೋಸ್ಟನ್ ರೆಡ್ ಸಾಕ್ಸ್‌ನಲ್ಲಿದ್ದ. ಸೆಪ್ಟೆಂಬರ್ 7ರಂದು ಫಿಲಡೆಲ್ಫಿಯಾದಲ್ಲಿ ಅಥ್ಲೆಟಿಕ್ಸ್ ವಿರುದ್ಧ ಎಸೆಯುತ್ತಿದ್ದ. ಎದುರಾಳಿ ಪಿಚರ್ ಸ್ಲಿಮ್ ಹ್ಯಾರಿಸ್ ಒಂದು ದೊಡ್ಡ ಹೊಡೆತ ಹೊಡೆದು ಸೆಕೆಂಡ್ ಬೇಸ್‌ವರೆಗೆ ಓಡಿದ. ಆದರೆ ದಾರಿಯಲ್ಲಿ ಫಸ್ಟ್ ಬೇಸ್ ತುಳಿಯುವುದನ್ನೇ ಮರೆತಿದ್ದ. ಔಟ್! ಎರಡು ಬೇಸ್‌ಗಳ ಹಿಟ್ ಗಾಳಿಗೆ ಹೋಯಿತು. ಆಮೇಲೆ ಲೆಫ್ಟ್ ಫೀಲ್ಡ್‌ನಲ್ಲಿ ಮೈಕ್ ಮೆನೋಸ್ಕಿ ಒಂದು ಚೆಂಡನ್ನು ಕೈಚೆಲ್ಲಿದ. ಸ್ಕೋರರ್ ಮೊದಲು ಹಿಟ್ ಎಂದ, ಆಮೇಲೆ ಎರರ್ ಎಂದು ತಿದ್ದಿದ. ಎಮ್ಕೆಗೆ ನೋ-ಹಿಟ್ಟರ್ ದಕ್ಕಿತು.

ನಾಲ್ಕೇ ದಿನ ಕಳೆದು, ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ವಿರುದ್ಧ ಮತ್ತೆ ಅವನೇ ಪಿಚರ್. ಪಂದ್ಯದ ಮೊಟ್ಟಮೊದಲ ಬ್ಯಾಟರ್ ವೈಟಿ ವಿಟ್ ಥರ್ಡ್ ಬೇಸ್ ಕಡೆಗೆ ಚೆಂಡನ್ನು ಉರುಳಿಸಿದ. ಅಲ್ಲಿದ್ದ ಹವರ್ಡ್ ಶ್ಯಾಂಕ್ಸ್‌ನ ಎದೆಗೆ ಬಡಿದು ಅದು ಪಕ್ಕಕ್ಕೆ ಹಾರಿತು. ಅಂದಿನ ಸ್ಕೋರರ್, ಹೆಸರಾಂತ ವರದಿಗಾರ ಫ್ರೆಡ್ ಲೀಬ್, ಹಿಟ್ ಎಂದು ಬರೆದ. ಅಲ್ಲಿಂದ ಮುಂದೆ ಬಂದ 27 ಬ್ಯಾಟರ್‌ಗಳನ್ನು ಎಮ್ಕೆ ಒಬ್ಬರ ಹಿಂದೊಬ್ಬರಂತೆ ಔಟ್ ಮಾಡಿದ. ಒಬ್ಬನೂ ಬೇಸ್ ಮುಟ್ಟಲಿಲ್ಲ. ಆ ಮೊದಲ ಚೆಂಡು ಎರರ್ ಆಗಿದ್ದರೆ ಬೆನ್ನುಬೆನ್ನಿಗೆ ಎರಡು ನೋ-ಹಿಟ್ಟರ್ ಎಸೆದ ಮೊದಲಿಗ ಅವನಾಗುತ್ತಿದ್ದ. 1938ರಲ್ಲಿ ಜಾನಿ ವ್ಯಾಂಡರ್ ಮೀರ್ ಮಾಡಿದ ಸಾಧನೆಯನ್ನು ಹದಿನೈದು ವರ್ಷ ಮೊದಲೇ ಮಾಡಿದಂತಾಗುತ್ತಿತ್ತು. ಲೀಬ್ ಮೇಲೆ ಒತ್ತಡ ಬಂತು, ಲೀಗ್ ಅಧ್ಯಕ್ಷರವರೆಗೂ ದೂರು ಹೋಯಿತು. ಹಿಟ್ ಹಿಟ್ಟಾಗಿಯೇ ಉಳಿಯಿತು.

ಎಮ್ಕೆಗೆ ಅನ್ಯಾಯವಾಯಿತು ಎಂದು ಈಗಲೂ ಬರೆಯುವವರಿದ್ದಾರೆ. ನಾನು ಲೀಬ್ ಪಕ್ಷ. ಮೊದಲ ಬ್ಯಾಟರ್‌ಗೆ ಹಿಟ್ ಎಂದದ್ದು ತಪ್ಪೇ ಇರಬಹುದು, ಆದರೆ ಅದನ್ನು ಮುಂದಿನ 27 ಔಟ್‌ಗಳು ತಪ್ಪು ಮಾಡಲಾರವು. ಅದೂ ಅಲ್ಲದೆ, ಫಿಲಡೆಲ್ಫಿಯಾದಲ್ಲಿ ಎಮ್ಕೆಗೆ ಸಿಕ್ಕ ಅದೃಷ್ಟದ ಲೆಕ್ಕವನ್ನು ಯಾರೂ ಎತ್ತುವುದಿಲ್ಲ ನೋಡಿ.

ತಿದ್ದಿ ಕೆಡಿಸಿಕೊಂಡ ಉದಾಹರಣೆಯೂ ಇದೆ. 1917ರ ಮೇ 5ರಂದು ಸೇಂಟ್ ಲೂಯಿಸ್ ಬ್ರೌನ್ಸ್‌ನ ಎರ್ನಿ ಕೂಬ್ ಒಂದು ಹಿಟ್ ಕೊಟ್ಟು ಪಂದ್ಯ ಮುಗಿಸಿದ. ಮೊದಲ ಇನಿಂಗ್ಸ್‌ನ ಆ ಹಿಟ್, ಪಂದ್ಯವೆಲ್ಲ ಮುಗಿದ ಮೇಲೆ, ಎರರ್ ಆಯಿತು. ಒಂದು ಹಿಟ್‌ನ ಪಂದ್ಯ ನೋಡಿ ಮನೆಗೆ ಹೊರಟ ಪ್ರೇಕ್ಷಕ ಮರುದಿನ ಪತ್ರಿಕೆ ತೆರೆದರೆ ತಾನು ನೋಡಿದ್ದು ನೋ-ಹಿಟ್ಟರ್ ಎಂದು ತಿಳಿಯುತ್ತದೆ! ಆ ದಾಖಲೆ ಇಂದಿಗೂ ಪಟ್ಟಿಯಲ್ಲಿದೆ.

ಬರೆಯದ ನಿಯಮವೊಂದು ಪ್ರೆಸ್ ಬಾಕ್ಸ್‌ಗಳಲ್ಲಿ ಬಹುಕಾಲದಿಂದ ಓಡಾಡುತ್ತಿದೆ: ಪಂದ್ಯದ ಮೊದಲ ಹಿಟ್ ಅಚ್ಚುಕಟ್ಟಾಗಿರಬೇಕು. ಅಂದರೆ ಏಳನೆಯ ಇನಿಂಗ್ಸ್‌ನವರೆಗೆ ಹಿಟ್ ಇಲ್ಲದಿದ್ದರೆ ಅನುಮಾನದ ಚೆಂಡಿಗೆ ಎರರ್ ಬರೆದು ಪಿಚರ್‌ನನ್ನು ಕಾಪಾಡು. ನಿಯಮ ಪುಸ್ತಕ ಹೇಳುವುದು ಇದಕ್ಕೆ ನೇರ ವಿರುದ್ಧ. ಆದರೂ ಮನುಷ್ಯರು ಮನುಷ್ಯರೇ. ಐದಾರು ಇನಿಂಗ್ಸ್ ದಾಟಿತೆಂದರೆ ಡಗ್‌ಔಟ್‌ನಲ್ಲಿ ಪಿಚರ್ ಪಕ್ಕ ಯಾರೂ ಕೂರುವುದಿಲ್ಲ, ಆ ಪದವನ್ನು ಯಾರೂ ಉಚ್ಚರಿಸುವುದಿಲ್ಲ, ಅಪಶಕುನವೆಂಬ ಭಯ. 1999ರ ಫೆಬ್ರುವರಿ 7ರಂದು ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಹತ್ತನೆಯ ವಿಕೆಟ್‌ಗಾಗಿ ಕಾದಾಗ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಸ್ಟಂಪ್‌ಗಳಿಂದ ದೂರ ದೂರ ಚೆಂಡು ಹಾಕಿದ್ದು ನೆನಪಿದೆಯಲ್ಲ? ಅಂಥದೇ ಕಾವು. ಅದರ ನಡುವೆ ತಣ್ಣಗೆ ಕುಳಿತು, ಎರಡನೆಯ ಇನಿಂಗ್ಸ್‌ನಲ್ಲಾಗಿದ್ದರೆ ಇದನ್ನು ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳುವುದು ಸುಲಭದ ಮಾತಲ್ಲ.

2014ರ ಮೇ 9ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಆದದ್ದು ಇದಕ್ಕೆ ಪಾಠದಂತಿದೆ. ರೇಂಜರ್ಸ್ ಪರ ಜಪಾನಿನ ಯು ದಾರ್ವಿಶ್ ಎಸೆಯುತ್ತಿದ್ದ. ಹಿಂದಿನ ವರ್ಷ ಹ್ಯೂಸ್ಟನ್‌ನಲ್ಲಿ ಅವನ ಪರ್ಫೆಕ್ಟ್ ಗೇಮ್ 27ನೆಯ ಬ್ಯಾಟರ್ ಹೊಡೆದ ಚೆಂಡು ಅವನ ಕಾಲುಗಳ ನಡುವೆಯೇ ನುಸುಳಿಹೋಗಿ ಮುರಿದಿತ್ತು. ಈಗ ಮತ್ತೆ 20 ಜನ ಬಂದು 20 ಜನವೂ ಔಟ್. ಏಳನೆಯ ಇನಿಂಗ್ಸ್, ಬೋಸ್ಟನ್‌ನ ಡೇವಿಡ್ ಒರ್ಟೀಸ್ ಚೆಂಡನ್ನು ರೈಟ್ ಫೀಲ್ಡ್‌ನ ಮುಂಭಾಗದಲ್ಲಿ ಎತ್ತರಕ್ಕೆ ಎತ್ತಿದ. ಅಲೆಕ್ಸ್ ರಿಯೋಸ್ ಮುಂದೆ ಬಂದ, ಹಿಂದಿನ ದಿನವಷ್ಟೇ ಮೇಜರ್ ಲೀಗ್‌ಗೆ ಕಾಲಿಟ್ಟಿದ್ದ ರೂಗ್ನೆಡ್ ಒಡೋರ್ ಹಿಂದೆ ಓಡಿದ. ನೀನು ಹಿಡಿ, ನೀನು ಹಿಡಿ ಎಂಬಂತೆ ಇಬ್ಬರೂ ನೋಡುತ್ತಿರುವಾಗ ಚೆಂಡು ನಡುವೆ ಬಿತ್ತು. ಯಾರ ಕೈಯೂ ತಾಗಲಿಲ್ಲ. ಕೈ ತಾಗದಿದ್ದರೂ ಎರರ್ ಬರೆಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಇಬ್ಬರ ನಡುವೆ ಹೀಗೆ ಬಿದ್ದ ಚೆಂಡನ್ನು ರೂಢಿಯಲ್ಲಿ ಹಿಟ್ ಎಂದೇ ಬರೆಯುತ್ತಾರೆ. ಸ್ಕೋರರ್ ರಿಯೋಸ್ ಹೆಸರಿಗೆ ಎರರ್ ಬರೆದ. ಪರ್ಫೆಕ್ಟ್ ಗೇಮ್ ಹೋಯಿತು, ನೋ-ಹಿಟ್ಟರ್ ಉಳಿಯಿತು. ಒಂಬತ್ತನೆಯ ಇನಿಂಗ್ಸ್, ಎರಡು ಔಟ್, ಇನ್ನೊಂದೇ ಬೇಕು. ಮತ್ತೆ ಅದೇ ಒರ್ಟೀಸ್, ಈ ಬಾರಿ ಒಡೋರ್‌ನ ಚಾಚಿದ ಗ್ಲೌಸ್ ದಾಟಿಸಿ ಶುದ್ಧ ಹಿಟ್!

ಇಲ್ಲಿಗೆ ಮುಗಿಯಲಿಲ್ಲ. ಒರ್ಟೀಸ್ ಬಿಡುವ ಆಸಾಮಿಯಲ್ಲ. ಏಳನೆಯ ಇನಿಂಗ್ಸ್‌ನದೂ ತನ್ನ ಹಿಟ್ ಎಂದು ಲೀಗ್‌ಗೆ ಮೇಲ್ಮನವಿ ಹಾಕಿದ. ಕೆಲವೇ ದಿನಗಳಲ್ಲಿ ಲೀಗ್ ಎರರ್ ಅಳಿಸಿ ಹಿಟ್ ಎಂದಿತು. ಒರ್ಟೀಸ್‌ಗೆ ಒಂದರ ಜಾಗದಲ್ಲಿ ಎರಡು. ಸರಿಯಾದ ತೀರ್ಪೇ. ಆದರೆ ನನ್ನನ್ನು ಕಾಡುವುದು ಬೇರೆ: ಒಂಬತ್ತನೆಯ ಇನಿಂಗ್ಸ್‌ನಲ್ಲಿ ಒರ್ಟೀಸ್ ಔಟಾಗಿ, ಜನ ಮೈದಾನದಲ್ಲಿ ಕುಣಿದು, ದಾರ್ವಿಶ್‌ನ ತಲೆಯ ಮೇಲೆ ನೀರು ಸುರಿದು ಮನೆಗೆ ಹೋದ ಮೇಲೆ, ಲೀಗ್‌ಗೆ ಅದೇ ತಿದ್ದುಪಡಿ ಮಾಡುವ ಎದೆಗಾರಿಕೆ ಇರುತ್ತಿತ್ತೇ? ಇರಬೇಕಿತ್ತು. ಇರುತ್ತಿರಲಿಲ್ಲ ಎಂದು ನನ್ನ ಗುಮಾನಿ.

ಮೇಲ್ಮನವಿಯ ಲೆಕ್ಕ ಹೀಗಿದೆ: ಸ್ಕೋರರ್ ತಾನೇ ಮನಸ್ಸು ಬದಲಿಸಲು 24 ಗಂಟೆ, ಆಟಗಾರ ಅಥವಾ ತಂಡ ಲೀಗ್‌ಗೆ ದೂರು ಕೊಡಲು 72 ಗಂಟೆ. ಹಿಂದಿನಿಂದ ನೋ-ಹಿಟ್ಟರ್ ದೊರಕಿಸಿಕೊಳ್ಳಲು ಹೊರಟವರಿಗೆ ಈ ದಾರಿ ಫಲ ಕೊಟ್ಟಿಲ್ಲ. 2008ರ ಆಗಸ್ಟ್ 31ರಂದು ಪಿಟ್ಸ್‌ಬರ್ಗ್‌ನಲ್ಲಿ ಮಿಲ್ವಾಕೀಯ ಸಿ.ಸಿ. ಸಬಾಥಿಯಾ ಕೊಟ್ಟದ್ದು ಒಂದೇ ಹಿಟ್. ಅದೂ ತನ್ನ ಮುಂದೆಯೇ ಮೆಲ್ಲಗೆ ಉರುಳಿದ ಚೆಂಡನ್ನು ಬರಿಗೈಯಲ್ಲಿ ಎತ್ತಲು ಹೋಗಿ ತಾನೇ ಬೀಳಿಸಿದ್ದು. 2012ರ ಜೂನ್‌ನಲ್ಲಿ ಮೆಟ್ಸ್‌ನ ಆರ್.ಎ. ಡಿಕಿ ಕೊಟ್ಟ ಒಂದೇ ಹಿಟ್ ಮೊದಲ ಇನಿಂಗ್ಸ್‌ನದು. ಅವನದೇ ತಂಡದ ಫೀಲ್ಡರ್ ಡೇವಿಡ್ ರೈಟ್ ಬರಿಗೈಯಲ್ಲಿ ಹಿಡಿಯಲು ಯತ್ನಿಸಿ ಸೋತ ಚೆಂಡು. ಎರಡೂ ತಂಡಗಳು ದೂರಿದವು, ಎರಡೂ ದೂರುಗಳು ತಿರಸ್ಕೃತವಾದವು. ಬರಿಗೈಯಲ್ಲಿ ಹೆಕ್ಕುವುದನ್ನು ಸಾಧಾರಣ ಪ್ರಯತ್ನ ಎನ್ನುವುದು ಹೇಗೆ?

ಒಂದು ಗೊಂದಲವನ್ನು ಇಲ್ಲೇ ನಿವಾರಿಸಬೇಕು. ಔಟ್ ಹೌದೋ ಅಲ್ಲವೋ ಎಂಬುದು ಅಂಪೈರ್‌ನ ಮಾತು, ಅದನ್ನು ಸ್ಕೋರರ್ ಮುಟ್ಟುವಂತಿಲ್ಲ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಪರ್ಫೆಕ್ಟ್ ಗೇಮ್‌ನ ಹೊಸ್ತಿಲಲ್ಲಿದ್ದ ಪಿಚರ್ ಅರ್ಮಾಂಡೋ ಗಲರಾಗನ 27ನೆಯ ಬ್ಯಾಟರ್ ಸ್ಪಷ್ಟವಾಗಿ ಔಟಾಗಿದ್ದ. ಅಂಪೈರ್ ಜಿಮ್ ಜಾಯ್ಸ್ ಔಟ್ ಕೊಡಲಿಲ್ಲ. ಚೆಂಡನ್ನು ಹಿಡಿದವನೂ ಸರಿ, ಎಸೆದವನೂ ಸರಿ, ಹಾಗಾಗಿ ಎರರ್ ಬರೆಯಲು ಅಪರಾಧಿಯೇ ಇರಲಿಲ್ಲ. ಹಿಟ್ ಎಂದು ಬರೆಯದೆ ಸ್ಕೋರರ್‌ಗೆ ಬೇರೆ ದಾರಿ ಇರಲಿಲ್ಲ. ಜಾಯ್ಸ್ ಆ ರಾತ್ರಿಯೇ ತಪ್ಪೊಪ್ಪಿಕೊಂಡರು, ಕಮಿಷನರ್ ತೀರ್ಪು ಬದಲಿಸಲಿಲ್ಲ. ಮರುದಿನ ಮೈದಾನದಲ್ಲಿ ಗಲರಾಗ ಆಟಗಾರರ ಪಟ್ಟಿ ತಂದು ಕೈಗಿತ್ತಾಗ ಜಾಯ್ಸ್ ಕಣ್ಣೊರೆಸಿಕೊಂಡರು. ವಿಡಿಯೊ ಪರಿಶೀಲನೆ ಇಂಥ ತೀರ್ಪುಗಳಿಗೂ ವಿಸ್ತರಿಸಿದ್ದು 2014ರಲ್ಲಿ.

ಇನ್ನು ನೋ-ಹಿಟ್ಟರ್ ಎಂದರೇನು ಎಂಬುದನ್ನೇ ಒಂದು ಸಮಿತಿ ಕುಳಿತು ಬದಲಿಸಿದ್ದುಂಟು. 1991ರ ಸೆಪ್ಟೆಂಬರ್‌ನಲ್ಲಿ ಲೀಗ್‌ನ ಸಮಿತಿ, ಕನಿಷ್ಠ ಒಂಬತ್ತು ಇನಿಂಗ್ಸ್ ಎಸೆದಿರಬೇಕು, ಪಂದ್ಯ ಮುಗಿಯುವವರೆಗೂ ಹಿಟ್ ಇರಬಾರದು ಎಂದು ಗೆರೆ ಎಳೆಯಿತು. ಸುಮಾರು ಐವತ್ತು ಪಂದ್ಯಗಳು ಒಂದೇ ಏಟಿಗೆ ಪಟ್ಟಿಯಿಂದ ಹೊರಬಿದ್ದವು. ಅದರಲ್ಲಿ 1959ರ ಮೇ 26ರಂದು ಮಿಲ್ವಾಕೀಯಲ್ಲಿ 12 ಇನಿಂಗ್ಸ್, 36 ಬ್ಯಾಟರ್‌ಗಳನ್ನು ಸತತವಾಗಿ ಔಟ್ ಮಾಡಿ 13ನೆಯದರಲ್ಲಿ ಸೋತ ಹಾರ್ವಿ ಹ್ಯಾಡಿಕ್ಸ್ ಕೂಡ ಇದ್ದ. ಯಾಂಕೀಸ್‌ನ ಆ್ಯಂಡಿ ಹಾಕಿನ್ಸ್‌ನದಂತೂ ಕರುಳು ಚುರ್ ಎನ್ನುವ ಕಥೆ. 1990ರ ಜುಲೈ 1ರಂದು ಷಿಕಾಗೋದಲ್ಲಿ ಒಂದೂ ಹಿಟ್ ಕೊಡಲಿಲ್ಲ; ಎಂಟನೆಯ ಇನಿಂಗ್ಸ್‌ನಲ್ಲಿ ತಂಡದವರ ಮೂರು ಎರರ್‌ಗಳಿಂದ 4-0 ಸೋತ. ಆತಿಥೇಯರು ಮುಂದಿದ್ದುದರಿಂದ ಒಂಬತ್ತನೆಯದನ್ನು ಎಸೆಯುವ ಪ್ರಮೇಯವೇ ಬರಲಿಲ್ಲ. ಮರುವರ್ಷ ಸಮಿತಿ, ಎಸೆದದ್ದು ಎಂಟೇ ಇನಿಂಗ್ಸ್ ಎಂದು ಅದನ್ನೂ ಕಿತ್ತುಕೊಂಡಿತು.

ಕೊನೆಗೆ, ಒಬ್ಬರ ಅಭಿಪ್ರಾಯಕ್ಕೆ ಏನು ಬೆಲೆ ಎಂದಿರಲ್ಲ, ಅದಕ್ಕೆ 1952ರ ಆಗಸ್ಟ್ 25. ಯಾಂಕೀ ಸ್ಟೇಡಿಯಂ, ಡೆಟ್ರಾಯಿಟ್‌ನ ವರ್ಜಿಲ್ ಟ್ರಕ್ಸ್ ಪಿಚರ್. ಮೂರನೆಯ ಇನಿಂಗ್ಸ್‌ನಲ್ಲಿ ಫಿಲ್ ರಿಜುಟೋ ಉರುಳಿಸಿದ ಚೆಂಡನ್ನು ಶಾರ್ಟ್‌ಸ್ಟಾಪ್ ಜಾನಿ ಪೆಸ್ಕಿ ಹಿಡಿದ, ಗ್ಲೌಸ್‌ನಿಂದ ತೆಗೆಯಲು ತಡಕಾಡಿದ, ಎಸೆದಾಗ ಹೊತ್ತು ಮೀರಿತ್ತು. ಸ್ಕೋರರ್, ನ್ಯೂಯಾರ್ಕ್ ಟೈಮ್ಸ್‌ನ ಜಾನ್ ಡ್ರೆಬಿಂಜರ್, ಎರರ್ ಎಂದ. ಪಕ್ಕದವರ ಜೊತೆ ಮಾತಾಡಿ ಹಿಟ್ ಎಂದು ತಿದ್ದಿದ. ಇನಿಂಗ್ಸ್‌ಗಳು ಉರುಳಿದವು, ಬೇರೆ ಹಿಟ್ ಬರಲೇ ಇಲ್ಲ. ಡ್ರೆಬಿಂಜರ್‌ಗೆ ಕುಳಿತಲ್ಲಿ ಕೂರಲಾಗಲಿಲ್ಲ. ಡೆಟ್ರಾಯಿಟ್ ಡಗ್‌ಔಟ್‌ಗೆ ಫೋನ್ ಮಾಡಿ ಪೆಸ್ಕಿಯನ್ನೇ ಕೇಳಿದ. ಚೆಂಡು ಕೈಗೆ ಬಂದಿತ್ತು, ಓಟಗಾರನನ್ನು ಔಟ್ ಮಾಡಬೇಕಿತ್ತು, ತಪ್ಪು ತನ್ನದೇ ಎಂದ ಪೆಸ್ಕಿ. ಹಿಟ್ ಮತ್ತೆ ಎರರ್ ಆಯಿತು. ಟ್ರಕ್ಸ್ 1-0ಯಿಂದ ಗೆದ್ದ.

ಪಂದ್ಯದ ನಡುವೆ ಆಟಗಾರನಿಗೆ ಫೋನ್ ಮಾಡುವ ಸ್ಕೋರರ್‌ನನ್ನು ನಾನು ಒಪ್ಪುವುದಿಲ್ಲ. ತನ್ನ ಪಿಚರ್ ನೋ-ಹಿಟ್ಟರ್ ಹಾದಿಯಲ್ಲಿರುವಾಗ ಯಾವ ಶಾರ್ಟ್‌ಸ್ಟಾಪ್ ತಾನೇ ತಪ್ಪು ತನ್ನದಲ್ಲ ಎಂದಾನು? ಆದರೆ ಮೊದಲ ಬಾರಿ, ಯಾರನ್ನೂ ಕೇಳದೆ, ಮುಂದೇನಾಗುವುದೆಂದು ಗೊತ್ತಿಲ್ಲದೆ, ಬರಿಗಣ್ಣಿಗೆ ಕಂಡಂತೆ ಡ್ರೆಬಿಂಜರ್ ಬರೆದದ್ದೂ ಎರರ್ ಎಂದೇ. ಟ್ರಕ್ಸ್ ಆ ವರ್ಷ ಗೆದ್ದದ್ದು ಐದು ಪಂದ್ಯ, ಸೋತದ್ದು ಹತ್ತೊಂಬತ್ತು. ಗೆದ್ದ ಐದರಲ್ಲಿ ಎರಡು ನೋ-ಹಿಟ್ಟರ್‌ಗಳು. ಪೆಸ್ಕಿ ಫೋನಿನಲ್ಲಿ ಒಪ್ಪಿಕೊಂಡ ಎರರ್ ಈಗಲೂ ಪೆಸ್ಕಿಯ ಲೆಕ್ಕದಲ್ಲೇ ಇದೆ.